ಬ್ಯಾಟಿನ ಮೇಲಿನ ಹನ್ನೆರಡು ರುಜುಗಳು

ಅಟ್ಟದ ಮೇಲಿನ ಕೊಬ್ಬರಿಗೆ ಇಲಿಗಳಿಂದಾಗುವ ಹಾನಿಯ ವಿಚಾರವಾಗಿ ಕಳೆದ ತಿಂಗಳು ನಾವು ಬರೆದುದಕ್ಕೆ ವಾಚಕ ಮಹಾಶಯರಿಂದ ಅನೇಕ ಕಾಗದಗಳು ಬಂದಿರುವುವು. ಅವುಗಳಿಗೆ ಉತ್ತರವನ್ನು ಮುಂದಿನ ಸಂಚಿಕೆಗೆ ಮೀಸಲಾಗಿರಿಸಿ, ಈ ತಿಂಗಳು ಬೇರೊಂದು ವಿಷಯವನ್ನು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ. ವಿಷಯವು ಕ್ರಿಕೆಟ್ ಆಟಕ್ಕೆ ಸಂಬಂಧಿಸಿದುದು. ಸಂಸ್ಕೃತದ ಮೇಷ್ಟರಿಗೂ ಕ್ರಿಕೆಟ್ಟಿಗೂ ಏನು ನಂಟು ಎಂದು ನಗತಕ್ಕವರು ನಗಲಿ. ಮೂವತ್ತು ವರ್ಷ ಪಾಠಶಾಲೆಯಲ್ಲಿದ್ದವನಿಗೆ ಕ್ರಿಕೆಟ್ಟಿನಿಂದ ತಪ್ಪಿಸಿಕೊಳ್ಳುವ ಮಾರ್ಗವೇ ಇಲ್ಲ. ನಮ್ಮ ತರಗತಿಯ ಕಿಟಕಿಯ ಗಾಜುಗಳೇ ಇದಕ್ಕೆ ಸಾಕ್ಷಿ.

ನಮ್ಮ ಹುಳಿಯಾರಿನಲ್ಲಿ ನಮಗೆ ಬಹುಕಾಲದ ಸ್ನೇಹಿತರಾದ ವೃದ್ಧ ಗೃಹಸ್ಥರೊಬ್ಬರು ಇರುವರು. ತೆಂಗಿನ ತೋಟದವರು, ಎಂಬತ್ತು ತುಂಬಿದವರು. ಅವರ ಹೆಸರನ್ನು ಇಲ್ಲಿ ಹೇಳುವುದು ಉಚಿತವಲ್ಲ, ಯಜಮಾನರೆಂದೇ ಕರೆಯೋಣ. ಅವರ ಮೊಮ್ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ತಾತನಿಗೆ ಎಂಬತ್ತಾದ ಸಂಭ್ರಮಕ್ಕೆಂದು ಅವನು ತಂದುಕೊಟ್ಟ ಕಾಣಿಕೆಯನ್ನು ನಮಗೆ ತೋರಿಸಲು ಒಂದು ಸಾಯಂಕಾಲ ಯಜಮಾನರು ತಾವೇ ನಮ್ಮ ಜಗಲಿಗೆ ಬಂದರು. ಪಂಚೆಯಲ್ಲಿ ಸುತ್ತಿಕೊಂಡು, ಹಸುಗೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದಿದ್ದರು. ಬಿಚ್ಚಿ ನೋಡಲಾಗಿ ಹಳೆಯದೆಂದು ತೋರುವ ಒಂದು ಕ್ರಿಕೆಟ್ ಬ್ಯಾಟು. ಅದರ ಮುಖದ ಮೇಲೆ ಇಂಗ್ಲಿಷಿನಲ್ಲಿ ಹನ್ನೆರಡು ರುಜುಗಳು.

“ಮೇಷ್ಟ್ರೇ, ಎಪ್ಪತ್ನಾಲ್ಕರಲ್ಲಿ ನಮ್ಮೋರು ರಣಜಿ ಗೆದ್ರಲ್ಲ, ಅವತ್ತು ಎಲ್ಲಾ ಸೇರಿ ರುಜು ಹಾಕಿದ ಬ್ಯಾಟಂತೆ. ಸ್ವಲ್ಪ ಹೆಸರು ಓದಿ ಹೇಳಿ, ನನಗೆ ಕಣ್ಣು ಸಾಲದು,” ಎಂದರು.

ಇಂದಿನ ಮಕ್ಕಳಿಗಾಗಿ ಎರಡು ಮಾತು ಹೇಳಬೇಕು. ರಣಜಿ ಪಂದ್ಯಾವಳಿಯು ಬೊಂಬಾಯಿಯವರ ಸ್ವಂತ ಆಸ್ತಿಯೆಂಬಂತೆ ಇದ್ದ ಕಾಲವೊಂದಿತ್ತು. ೧೯೫೮-೫೯ರಿಂದ ೧೯೭೨-೭೩ರ ವರೆಗೆ ಹದಿನೈದು ವರ್ಷ ಬಿಡದೆ ಅವರೇ ಗೆದ್ದರು. ನಮ್ಮ ರಾಜ್ಯಕ್ಕೆ ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕವೆಂಬ ಹೆಸರು ಬಂದುದು ೧೯೭೩ನೆಯ ನವೆಂಬರ್ ೧ರಂದು. ಆ ಹೊಸ ಹೆಸರಿನಲ್ಲಿ ಆಡಿದ ಮೊದಲ ವರ್ಷದಲ್ಲಿಯೇ, ಪ್ರಸನ್ನರ ನಾಯಕತ್ವದಲ್ಲಿ, ಚಂದ್ರಶೇಖರ್, ವಿಶ್ವನಾಥ್, ಬ್ರಿಜೇಶ್ ಪಟೇಲ್, ಕಿರ್ಮಾನಿ ಮೊದಲಾದವರಿದ್ದ ನಮ್ಮ ತಂಡವು ಉಪಾಂತ್ಯದಲ್ಲಿ ಬೊಂಬಾಯಿಯನ್ನು ಬೆಂಗಳೂರಿನಲ್ಲಿ ಹಿಂದಿಕ್ಕಿ, ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು ಸೋಲಿಸಿತು. ಆಗ ಯಜಮಾನರಿಗೆ ಮೂವತ್ತರ ಒಳಗಿನ ವಯಸ್ಸು. ಟ್ರಾನ್ಸಿಸ್ಟರನ್ನು ತೋಟಕ್ಕೂ ಹೊತ್ತುಕೊಂಡು ಹೋಗುತ್ತಿದ್ದವರು. ಐವತ್ತು ವರ್ಷಗಳಾಚೆಗೆ ಆ ತಂಡದವರು ಮುಟ್ಟಿದ ಮರವು ತಮ್ಮ ಮನೆಗೆ ಬಂದಿತೆಂದರೆ ಅವರಿಗಾದ ಸಂತೋಷವನ್ನು ವಾಚಕರೇ ಊಹಿಸಿಕೊಳ್ಳಬಹುದು.

ನಾವು ಹೆಸರುಗಳನ್ನು ಒಂದೊಂದಾಗಿ ಓದುತ್ತ ಬಂದೆವು. ಏಳನೆಯ ಹೆಸರಿಗೆ ಬಂದಾಗ ನಮ್ಮ ನಾಲಗೆಯು ತಡೆಯಿತು. ಅದು ರೋಜರ್ ಬಿನ್ನಿಯವರದು. ಅವರು ದೊಡ್ಡ ಆಟಗಾರರೆಂಬುದರಲ್ಲಿ ಸಂಶಯವಿಲ್ಲ. ೧೯೮೩ರ ವಿಶ್ವಕಪ್ಪಿನಲ್ಲಿ ಹದಿನೆಂಟು ವಿಕೆಟ್ಟುಗಳನ್ನು ಪಡೆದು ಎಲ್ಲರಿಗಿಂತ ಮುಂದಿದ್ದವರು ಅವರೇ. ಆದರೆ ಅವರು ರಾಜ್ಯದ ತಂಡಕ್ಕೆ ಪ್ರವೇಶಿಸಿದುದು ೧೯೭೫-೭೬ರಲ್ಲಿ. ೧೯೭೪ರ ವಿಜಯದ ದಿವಸ ತಂಡದೊಂದಿಗೆ ಅವರು ರುಜು ಹಾಕುವ ಬಗೆ ಹೇಗೆ? ನಾವು ಮಾತನಾಡದೆ ಉಳಿದ ಹೆಸರುಗಳನ್ನೂ ಓದಿ ಮುಗಿಸಿದೆವು. ಬಳಿಕ ಯಜಮಾನರು ಜೇಬಿನಿಂದ ಒಂದು ಪ್ರಮಾಣಪತ್ರವನ್ನು ತೆಗೆದರು. ಹೊಳೆಯುವ ಚೀಟಿ ಅಂಟಿಸಿ, ಮೊಹರು ಒತ್ತಿ, ಕಾಗದವು ಹಳದಿಗಟ್ಟುವಂತೆ ಚಹದ ನೀರಿನಲ್ಲಿಯೋ ಏನೋ ನೆನೆಸಿದ್ದ ಪತ್ರ. ೧೯೭೪ನೆಯ ಮಾರ್ಚಿ ತಿಂಗಳಿನ ತಾರೀಖು. ಅಂತಿಮ ಪಂದ್ಯವು ಮುಗಿದ ಸಾಯಂಕಾಲ ಬೆಂಗಳೂರಿನ ಕ್ರೀಡಾಂಗಣದಲ್ಲಿ ಆಟಗಾರರೆಲ್ಲರೂ ಈ ಬ್ಯಾಟಿಗೆ ರುಜು ಹಾಕಿದರೆಂಬುದು ಅದರ ತಾತ್ಪರ್ಯ.

ಅಂತಿಮ ಪಂದ್ಯವು ನಡೆದುದು ಜಯಪುರದಲ್ಲಿ. ಬೆಂಗಳೂರಿನಲ್ಲಿ ನಡೆದುದು ಉಪಾಂತ್ಯ.

ಅಷ್ಟೇ ಆಗಿದ್ದರೆ ಬರೆದವನ ಮರೆವೆಂದು ಬಿಡಬಹುದಾಗಿತ್ತು. ಆದರೆ ಪತ್ರದ ತಲೆಯಲ್ಲಿ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ‘ಬೆಂಗಳೂರು’ ಎಂದೇ ಅಚ್ಚು ಹಾಕಿತ್ತು. ೧೯೭೪ರಲ್ಲಿ ಇಂಗ್ಲಿಷಿನಲ್ಲಿ ಪತ್ರಶೀರ್ಷಿಕೆ ಅಚ್ಚು ಹಾಕಿಸುವವರು ‘ಬ್ಯಾಂಗಲೋರ್’ ಎಂದು ಹಾಕಿಸುತ್ತಿದ್ದರಲ್ಲದೆ ಹೀಗಲ್ಲ. ಇಂಗ್ಲಿಷಿನಲ್ಲಿಯೂ ಬೆಂಗಳೂರು ಎಂದೇ ಬರೆಯತಕ್ಕುದೆಂಬ ಸರಕಾರದ ಆಜ್ಞೆಯು ಜಾರಿಗೆ ಬಂದುದು ೨೦೧೪ನೆಯ ನವೆಂಬರ್ ೧ರಂದು. ನಮ್ಮ ತುಮಕೂರಿಗೂ ಅದೇ ದಿನ ಇಂಗ್ಲಿಷಿನಲ್ಲಿ ಹೊಸ ಕಾಗುಣಿತ ಬಂದಿತು. ನಲವತ್ತು ವರ್ಷ ಮುಂದಾಗಿ ಆ ಆಜ್ಞೆಯನ್ನು ಪಾಲಿಸಿದ ಮಹಾನುಭಾವನು ಯಾರೋ ತಿಳಿಯದು.

ಇಷ್ಟನ್ನೂ ಕಂಡು ನಾವು ಯಜಮಾನರಿಗೆ ಏನು ಹೇಳಿದೆವೆಂದು ವಾಚಕರು ಕೇಳಬಹುದು. ನಿಜವನ್ನು ಬರೆಯುತ್ತೇವೆ: ಏನೂ ಹೇಳಲಿಲ್ಲ. “ಅಕ್ಷರ ಚೆನ್ನಾಗಿವೆ,” ಎಂದೆವು. ಅವರು ಮತ್ತೆ ಬ್ಯಾಟನ್ನು ಪಂಚೆಯಲ್ಲಿ ಸುತ್ತಿಕೊಂಡು ಹೊರಟರು. ಆ ರಾತ್ರಿ ನಮಗೆ ನಿದ್ರೆ ಬಾರಲಿಲ್ಲ.

ಕಪಟ ಲೇಖನವು ಹೊಸ ವಿದ್ಯೆಯೆಂದು ಯಾರೂ ತಿಳಿಯಬಾರದು. ನಮ್ಮ ಧರ್ಮಶಾಸ್ತ್ರಕಾರರು ಅದನ್ನು ಕೂಟಲೇಖ್ಯವೆಂದೂ ಕೂಟಶಾಸನವೆಂದೂ ಕರೆದಿದ್ದಾರೆ. ಸುಳ್ಳು ತಕ್ಕಡಿ, ಸುಳ್ಳು ಅಳತೆ, ಸುಳ್ಳು ನಾಣ್ಯ, ಸುಳ್ಳು ಶಾಸನ, ಇವುಗಳನ್ನು ಮಾಡುವವರನ್ನೆಲ್ಲ ಯಾಜ್ಞವಲ್ಕ್ಯನು ಒಂದೇ ಸಾಲಿನಲ್ಲಿ ನಿಲ್ಲಿಸಿ ಅತ್ಯಂತ ಹೆಚ್ಚಿನ ದಂಡವನ್ನು ವಿಧಿಸಿದ್ದಾನೆ. ಮನುವಾದರೋ ಕೂಟಶಾಸನ ಮಾಡುವವನಿಗೆ ಮರಣದಂಡನೆಯನ್ನೇ ಹೇಳುತ್ತಾನೆ. ಹರ್ಷವರ್ಧನ ಚಕ್ರವರ್ತಿಯು ಏಳನೆಯ ಶತಮಾನದಲ್ಲಿ ಬರೆಯಿಸಿದ ಮಧುಬನದ ತಾಮ್ರಶಾಸನದಲ್ಲಿ, ಒಬ್ಬನು ಸುಳ್ಳು ಶಾಸನದ ಬಲದಿಂದ ಒಂದು ಗ್ರಾಮವನ್ನು ಅನುಭವಿಸುತ್ತಿದ್ದನೆಂದೂ, ಅರಸನು ಅದನ್ನು ಮುರಿಸಿ ಗ್ರಾಮವನ್ನು ಬೇರೆಯವರಿಗೆ ದಾನವಿತ್ತನೆಂದೂ ಹೇಳಿದೆ.

ನಮ್ಮ ನಾಡಿನಲ್ಲಿಯೂ ಇಂತಹವು ಬೇಕಾದಷ್ಟು. ಮಲೆನಾಡಿನ ಗೌಜ ಅಗ್ರಹಾರದಲ್ಲಿ ಒಂದು ತಾಮ್ರಶಾಸನವಿದ್ದಿತು. ಅದನ್ನು ಕೊಟ್ಟವನು ಪರೀಕ್ಷಿತನ ಮಗನಾದ ಜನಮೇಜಯ ಮಹಾರಾಜನಂತೆ; ಕೊಟ್ಟ ಸಂದರ್ಭವು ಸರ್ಪಯಾಗವಂತೆ! ಶಾಸನವನ್ನು ಮಾಡಿದವನು ಒಂದು ಎಚ್ಚರ ತಪ್ಪಿದನು: ಅದರಲ್ಲಿ ಒಂದು ಸೂರ್ಯಗ್ರಹಣವನ್ನು ಹೇಳಿಬಿಟ್ಟನು. ಇಂಗ್ಲೆಂಡಿನ ರಾಜಜ್ಯೋತಿಷಿಗಳಾಗಿದ್ದ ಸರ್ ಜಾರ್ಜ್ ಏರಿಯವರು ಗಣಿತ ಮಾಡಿ ಆ ಗ್ರಹಣವು ಕ್ರಿ. ಶ. ೧೫೨೧ನೆಯ ಏಪ್ರಿಲ್ ೭ರದೆಂದು ಹೇಳಿದರು. ಬೇರೆ ವಿದ್ವಾಂಸರು ಬೇರೆ ಶತಮಾನವನ್ನು ಹೇಳಿದುದುಂಟು. ದ್ವಾಪರದ ಸಮೀಪಕ್ಕೆ ಅದನ್ನು ಒಯ್ದವರು ಮಾತ್ರ ಇಲ್ಲ. ಜನಮೇಜಯನ ಶಾಸನಕ್ಕೆ ಗ್ರಹಣ ಹೇಗೋ, ಯಜಮಾನರ ಬ್ಯಾಟಿಗೆ ಜಯಪುರವು ಹಾಗೆ.

ಗಂಗರಸರ ತಾಮ್ರಶಾಸನಗಳ ಕಥೆ ಇದಕ್ಕಿಂತ ದೊಡ್ಡದು. ಮೈಸೂರಿನಲ್ಲಿ ಶಾಸನಗಳನ್ನು ಸಂಗ್ರಹಿಸಿ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ ರೈಸ್ ದೊರೆಗಳನ್ನು (ನಮ್ಮ ತುಮಕೂರು ಜಿಲ್ಲೆಯ ಸಂಪುಟವು ಹನ್ನೆರಡನೆಯದು, ೧೯೦೪ರಲ್ಲಿ ಬಂದಿತು) ಕನ್ನಡಿಗರು ಮರೆಯುವಂತಿಲ್ಲ. ಅವರು ನಿಜವೆಂದು ನಂಬಿದ ಗಂಗರ ಶಾಸನಗಳನ್ನು ಫ್ಲೀಟ್ ಎಂಬ ಇನ್ನೊಬ್ಬ ಪಂಡಿತರು ಒಂದೊಂದಾಗಿ ಕೃತ್ರಿಮವೆಂದು ತಳ್ಳಿಹಾಕಿದರು. ಅವುಗಳಲ್ಲಿ ಕೊಡಗಿನ ಮಡಿಕೇರಿಯ ಶಾಸನವೂ ಒಂದು. ಹೇಳುವ ಶಕವರ್ಷ ೩೮೮, ಎಂದರೆ ಕ್ರಿ. ಶ. ೪೬೬, ಆದರೆ ಅಕ್ಷರಗಳ ರೂಪವು ಬಹಳ ಈಚಿನದು. ೧೯೦೧ರಲ್ಲಿ ಫ್ಲೀಟರು ಭಾರತದ ಕೃತ್ರಿಮ ಶಾಸನಗಳದೊಂದು ಪಟ್ಟಿಯನ್ನೇ ಅಚ್ಚು ಹಾಕಿಸಿದರು. ವಾದವು ವರ್ಷಗಟ್ಟಲೆ ನಡೆಯಿತು. ಮುಂದೆ ದೊರೆತ ಕೆಲವು ಗಂಗ ಶಾಸನಗಳನ್ನು ವಿದ್ವಾಂಸರು ಅಕೃತ್ರಿಮವೆಂದೇ ಒಪ್ಪಿದರು; ಆದುದರಿಂದ ಫ್ಲೀಟರ ಸಂಶಯವೆಲ್ಲವೂ ನಿಜವಾಗಲಿಲ್ಲ, ರೈಸರ ನಂಬಿಕೆಯೆಲ್ಲವೂ ನಿಲ್ಲಲಿಲ್ಲ. ನಮಗೆ ಇಬ್ಬರಲ್ಲಿಯೂ ಗೌರವವಿದೆ. ಆದರೆ ಹಣ ಕೊಟ್ಟು ಏನನ್ನಾದರೂ ಕೊಳ್ಳಬೇಕಾದ ಸಂದರ್ಭ ಬಂದರೆ ನಾವು ಫ್ಲೀಟರನ್ನೇ ಜೊತೆಗೆ ಕರೆದುಕೊಂಡು ಹೋದೇವು.

ಈ ಮಾತನ್ನು ನಾವು ಹಣ ಕಳೆದುಕೊಂಡ ಬಳಿಕ ಕಲಿತೆವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಜಾತ್ರೆಯಲ್ಲಿ ಒಬ್ಬನು ನಮಗೆ ಒಂದು ತಾಮ್ರದ ನಾಣ್ಯವನ್ನು ತೋರಿಸಿದನು. ಒಂದು ಮುಖದಲ್ಲಿ ಶ್ರೀರಾಮ ಪಟ್ಟಾಭಿಷೇಕ. ಇನ್ನೊಂದು ಮುಖದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರು, ೧೮೧೮ ಎಂಬ ವರ್ಷ. ಕಂಪನಿಯವರೂ ರಾಮಭಕ್ತರಾಗಿದ್ದರೆಂದು ನಮಗೆ ಪರಮಾನಂದವಾಯಿತು. ತಿಂಗಳ ಸಂಬಳದ ಕಾಲು ಭಾಗವನ್ನು ಕೊಟ್ಟು ಕೊಂಡು, ಶಾಲೆಯ ಪ್ರದರ್ಶನದಲ್ಲಿಟ್ಟು ಒಂದು ಉಪನ್ಯಾಸವನ್ನೂ ಮಾಡಿದೆವು. ಎರಡು ವರ್ಷಗಳ ಮೇಲೆ ನಾಣ್ಯಗಳನ್ನು ಬಲ್ಲ ಸ್ನೇಹಿತರೊಬ್ಬರು ಅದನ್ನು ನೋಡಿ ನಕ್ಕರು. ದೇವಸ್ಥಾನಗಳಲ್ಲಿ ಪೂಜೆಗೆಂದು ಮಾಡಿದ ರಾಮಟಂಕಗಳು ನಿಜವಾಗಿಯೂ ಉಂಟು. ಆದರೆ ಕಂಪನಿಯ ಹೆಸರು ಹೊತ್ತ ಇಂತಹ ಬಿಲ್ಲೆಗಳನ್ನು ಕಂಪನಿಯ ಟಂಕಸಾಲೆಯು ಎಂದೂ ಹಾಕಲಿಲ್ಲ, ಇವೆಲ್ಲವೂ ಈಚಿನ ಕೈವಾಡವೆಂದು ತಿಳಿಸಿದರು. ಇದೇ ಜಾತಿಯ ಬಿಲ್ಲೆಗಳ ಮೇಲೆ ೧೬೧೬ ಎಂಬ ವರ್ಷವನ್ನೂ ಹಾಕಿರುತ್ತಾರೆ. ಕಂಪನಿಗೆ ರಾಣಿಯ ಸನ್ನದು ದೊರೆತುದೇ ೧೬೦೦ನೆಯ ಡಿಸೆಂಬರ್ ೩೧ರಂದು! ಇಂತಹ ಬಿಲ್ಲೆಗೆ ಅಕ್ಕಿಯನ್ನು ಸೆಳೆಯುವ ಶಕ್ತಿಯುಂಟೆಂದು ಹೇಳಿ ಲಕ್ಷಗಟ್ಟಲೆ ಹಣ ಎಳೆಯುವ ಮೋಸಗಾರರು ಇಂದಿಗೂ ನಮ್ಮ ಜಿಲ್ಲೆಗಳಲ್ಲಿ ಓಡಾಡುವುದುಂಟು, ವಾಚಕರು ಎಚ್ಚರದಿಂದಿರಬೇಕು. ನಮ್ಮ ಉಪನ್ಯಾಸವನ್ನು ಕೇಳಿದ ಮಕ್ಕಳಲ್ಲಿ ಅರ್ಧ ಜನರಿಗೂ ನಾವು ತಪ್ಪನ್ನು ತಿದ್ದಿ ಹೇಳಲಾಗಲಿಲ್ಲ. ಅವರಾಗಲೇ ಬೇರೆ ಊರುಗಳಿಗೆ ಹೋಗಿದ್ದರು.

ಪರದೇಶಗಳಲ್ಲಿ ಆಟದ ವಸ್ತುಗಳ ವ್ಯಾಪಾರವು ಬಹು ದೊಡ್ಡದಾಗಿ ಬೆಳೆದಿರುವುದರಿಂದ ಮೋಸವೂ ಅದಕ್ಕೆ ತಕ್ಕಂತೆ ಬೆಳೆದಿದೆ. ಅಮೆರಿಕೆಯ ಬೇಸ್‌ಬಾಲ್ ಆಟದ ಹೋನಸ್ ವ್ಯಾಗ್ನರ್ ಎಂಬವರ ಚಿತ್ರವಿರುವ, ೧೯೦೯ರಿಂದ ೧೯೧೧ರ ವರೆಗೆ ಸಿಗರೇಟು ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದ ಅಂಗೈಗಿಂತ ಚಿಕ್ಕದಾದ ಚೀಟಿಯೊಂದು ೨೦೦೭ರಲ್ಲಿ ಇಪ್ಪತ್ತೆಂಟು ಲಕ್ಷ ಡಾಲರಿಗೆ ಮಾರಾಟವಾಯಿತು. ಇಂತಹ ಚೀಟಿಗಳಿಗೆ ಗುಣ ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಸಂಸ್ಥೆಯೊಂದು ತನ್ನ ಮೊದಲನೆಯ ಸಂಖ್ಯೆಯ ಪ್ರಮಾಣಪತ್ರವನ್ನು ಕೊಟ್ಟುದು ಇದಕ್ಕೇ. ಕಡೆಗೆ ೨೦೧೩ರಲ್ಲಿ, ಅದನ್ನು ಹಿಂದೆ ಮಾರಿದ್ದ ಬಿಲ್ ಮ್ಯಾಸ್ಟ್ರೋ ಎಂಬ ಹರಾಜುಗಾರನು ಅಂಚುಗಳು ಚೂಪಾಗಿ ಕಾಣಲೆಂದು ತಾನೇ ಅದನ್ನು ಕತ್ತರಿಸಿದ್ದೆನೆಂದು ನ್ಯಾಯಾಲಯದ ಮುಂದೆ ಒಪ್ಪಿಕೊಂಡನು. ಹರಾಜಿನಲ್ಲಿ ಮಾಡಿದ ಮೋಸಗಳಿಗಾಗಿ ೨೦೧೫ರಲ್ಲಿ ಅವನಿಗೆ ಇಪ್ಪತ್ತು ತಿಂಗಳ ಸೆರೆಯಾಯಿತು. ಅದೇ ದೇಶದ ಪೋಲೀಸರು ೧೯೯೯ನೆಯ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಳ್ಳ ರುಜುಗಳ ದೊಡ್ಡ ಗುಂಪೊಂದನ್ನು ಹಿಡಿದರು. ಅಲ್ಲಿ ದೊರೆತ ಸರಕಿನಲ್ಲಿ ಮದರ್ ತೆರೇಸಾ ಅವರ ರುಜುವುಳ್ಳ ಬೇಸ್‌ಬಾಲ್ ಚೆಂಡುಗಳೂ ಇದ್ದುವಂತೆ. ಆ ಮಹಾತಾಯಿಯು ಕಲ್ಕತ್ತೆಯ ದೀನರ ಶುಶ್ರೂಷೆಯ ನಡುವೆ ಚೆಂಡುಗಳಿಗೆ ರುಜು ಹಾಕುತ್ತ ಕುಳಿತಿದ್ದರೆಂದು ನಂಬಿ ಕೊಂಡವರು ಇದ್ದರೆಂಬುದೇ ಆಶ್ಚರ್ಯ.

ಕ್ರಿಕೆಟ್ಟಿನ ಒಂದು ಉದಾಹರಣೆಯನ್ನೂ ಹೇಳಬೇಕು. ಅದರಲ್ಲಿ ನಮ್ಮ ದೇಶದ ಹಣವೂ ಸೇರಿದೆ. ೧೯೬೮ನೆಯ ಆಗಸ್ಟ್ ೩೧ರಂದು ವೇಲ್ಸಿನ ಸ್ವಾನ್ಸಿಯಲ್ಲಿ ಗಾರ್ಫೀಲ್ಡ್ ಸೋಬರ್ಸರು ಮಾಲ್ಕಮ್ ನ್ಯಾಶ್ ಎಂಬವರ ಒಂದೇ ಓವರಿನ ಆರು ಚೆಂಡುಗಳಿಗೂ ಸಿಕ್ಸರ್ ಹೊಡೆದರು. ಆ ಓವರಿನ ಚೆಂಡೆಂದು ಹೇಳಿದ ಒಂದು ಚೆಂಡು ೨೦೦೬ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ೨೬,೪೦೦ ಪೌಂಡುಗಳಿಗೆ ಹೋಯಿತು. ಕೊಂಡವರು ಭಾರತದವರು. ಜೊತೆಗೆ ಸೋಬರ್ಸರೇ ರುಜು ಮಾಡಿದ ಪತ್ರವೂ ಇದ್ದಿತು. ಆದರೆ ಆ ಚೆಂಡಿನ ಮೇಲೆ ಡ್ಯೂಕ್ ಎಂಬ ತಯಾರಕರ ಮುದ್ರೆ. ಅಂದು ಆಡಿದ್ದು ಸರ್ರಿಜ್ ಎಂಬ ಬೇರೆ ತಯಾರಕರ ಚೆಂಡಿನಲ್ಲಿ, ಓವರಿನಲ್ಲಿ ಬಳಸಿದ್ದೂ ಒಂದೇ ಚೆಂಡು ಎಂದು ಎಸೆದ ನ್ಯಾಶ್‌ರವರೇ ಹೇಳಿದರು. ಗ್ರಹಾಂ ಲಾಯ್ಡ್ ಎಂಬ ಪತ್ರಕರ್ತರು ವರ್ಷಗಟ್ಟಲೆ ಇದರ ಬೆನ್ನುಹತ್ತಿ ೨೦೧೩ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇಲ್ಲಿ ಮೋಸ ಮಾಡಿದವರು ಇಂತಹವರೇ ಎಂದು ಬೊಟ್ಟು ಮಾಡಿ ತೋರಿಸಲಾಗದು. ದೊಡ್ಡವರ ನೆನಪಿಗೂ ಮಂಜು ಕವಿಯುತ್ತದೆ. ನಮಗೆ ಮುಖ್ಯವಾಗಿ ಕಾಣುವುದೇನೆಂದರೆ, ಬಾಯಿಲ್ಲದ ಮುದ್ರೆಯು ಬಾಯಿದ್ದವರ ಪತ್ರಕ್ಕಿಂತ ಹೆಚ್ಚು ಮಾತನಾಡಿತು.

ಹಾಗಾದರೆ ಪರೀಕ್ಷಿಸುವುದು ಹೇಗೆ? ಯಾಜ್ಞವಲ್ಕ್ಯನ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣ ಪಟ್ಟಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ಸಂಶಯ ಬಂದ ಪತ್ರವನ್ನು ಮೊದಲು ಆ ಮನುಷ್ಯನೇ ಬರೆದುದೆಂದು ನಿಶ್ಚಯವಾಗಿರುವ ಬೇರೆ ಬರಹದೊಡನೆ ಹೋಲಿಸಿ ನೋಡಬೇಕೆಂಬುದು ಅಲ್ಲಿಯ ವಿಧಿ. ಇದನ್ನು ಇಂದಿನ ತಜ್ಞರೂ ಮಾಡುತ್ತಾರೆ. ಯಜಮಾನರ ಬ್ಯಾಟಿನಲ್ಲಿ ಹನ್ನೆರಡು ಜನರ ಅಕ್ಷರಗಳೂ ಒಂದೇ ಕಡೆಗೆ ವಾಲಿದ್ದುವು. ಲೇಖನಿಯನ್ನು ಎತ್ತುವ ಕಡೆಯಲ್ಲೆಲ್ಲ ಒಂದೇ ಬಗೆಯ ಸಣ್ಣ ಕೊಕ್ಕೆ. ನಲವತ್ತು ಮಕ್ಕಳ ಕಾಪಿ ಪುಸ್ತಕಗಳನ್ನು ಮೂವತ್ತು ವರ್ಷ ತಿದ್ದಿದವನಿಗೆ, ಅಣ್ಣನು ತಮ್ಮನಿಗಾಗಿ ಬರೆದುಕೊಟ್ಟ ಮನೆಗೆಲಸ ಕಾಣದೆ ಇರುವುದಿಲ್ಲ. ಇನ್ನೊಂದು ಗುರುತು ಇದ್ದಿತು. ಮರವು ಒಣಗಿ ಅಲ್ಲಲ್ಲಿ ಕೂದಲೆಳೆಯಷ್ಟು ಬಿರಿದಿದ್ದು, ಆ ಬಿರುಕುಗಳೊಳಕ್ಕೆ ಮಸಿಯು ಇಳಿದಿತ್ತು. ಮರ ಹೊಸದಾಗಿದ್ದಾಗ ಬರೆದು ಬಳಿಕ ಬಿರಿದಿದ್ದರೆ ಗೆರೆಯು ತುಂಡಾಗಬೇಕಲ್ಲದೆ ಮಸಿ ಒಳಗಿಳಿಯದು. ಹಳೆಯ ಬ್ಯಾಟಿಗೆ ಹೊಸದಾಗಿ ರುಜು ಬಿದ್ದಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಕ್ಷರವನ್ನು ಹೋಲಿಸಿದ ಮೇಲೆ ವಿಜ್ಞಾನೇಶ್ವರನು ಇನ್ನೊಂದನ್ನು ಕೇಳುತ್ತಾನೆ. ಈ ದೇಶದಲ್ಲಿ, ಈ ಕಾಲದಲ್ಲಿ, ಈ ಮನುಷ್ಯನಿಗೆ ಈ ವಸ್ತುವಿನೊಡನೆ ಸಂಬಂಧವು ಘಟಿಸುತ್ತದೆಯೇ? ಜಯಪುರ, ಬಿನ್ನಿ, ‘ಬೆಂಗಳೂರು’, ಮೂರೂ ಈ ಒಂದು ಪ್ರಶ್ನೆಯಲ್ಲಿ ಅಡಗಿದುವು. ಕೊನೆಯದು ಆಗಮ, ಎಂದರೆ ವಸ್ತುವು ಯಾರಿಂದ ಯಾರಿಗೆ ಹೇಗೆ ಬಂದಿತೆಂಬುದು. ಕೈಯಲ್ಲಿರುವ ಮಾತ್ರದಿಂದ ಹಕ್ಕು ಬಾರದು, ಅದು ಬಂದ ದಾರಿಯನ್ನು ತೋರಿಸಬೇಕೆಂಬುದು ಶಾಸ್ತ್ರ. ನಮ್ಮ ಮನೆಯ ಟ್ರಂಕಿನಲ್ಲಿ ನೋಟುಬುಕ್ಕಿನ ಒಂದು ಹಾಳೆಯಿದೆ. ೧೯೭೪ನೆಯ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊದಲ ಟೆಸ್ಟ್ ಪಂದ್ಯವು ವೆಸ್ಟ್ ಇಂಡೀಸಿನ ಮೇಲೆ ನಡೆದಾಗ ನಮ್ಮ ಭಾವನವರು ಬಿಸಿಲಿನಲ್ಲಿ ಕಾದು ನಿಂತು ಪಡೆದ ಒಂದೇ ಒಂದು ರುಜು ಅದರಲ್ಲಿದೆ. ಅರ್ಧ ಅಳಿಸಿಹೋಗಿದೆ, ಅದಕ್ಕೆ ಪ್ರಮಾಣಪತ್ರವಿಲ್ಲ, ಹೊಳೆಯುವ ಚೀಟಿಯಿಲ್ಲ. ಆದರೆ ಯಾರು ನಿಂತರು, ಎಲ್ಲಿ ನಿಂತರು, ಮನೆಗೆ ಬಂದಾಗ ಯಾರ ಕೈಯಲ್ಲಿ ಬೈಸಿಕೊಂಡರು ಎಂಬುದೆಲ್ಲವೂ ನಮ್ಮ ಅಕ್ಕನವರಿಗೆ ಇಂದಿಗೂ ಬಾಯಿಪಾಠ. ಮಾರುವವನ ಪ್ರಮಾಣಪತ್ರವಾದರೋ ಏನನ್ನೂ ಪ್ರಮಾಣಿಸುವುದಿಲ್ಲ. ಹನ್ನೆರಡು ರುಜುಗಳನ್ನು ಸೃಷ್ಟಿಸಬಲ್ಲವನಿಗೆ ಹದಿಮೂರನೆಯದು ಕಷ್ಟವೇ? ಇದರ ಜೊತೆಗೆ, ಬ್ಯಾಟು ಮಾಡುವವರು ಆಟಗಾರರ ರುಜುವಿನ ಪ್ರತಿಯನ್ನು ಅಚ್ಚಿನಲ್ಲಿಯೇ ಹಾಕುವ ಪದ್ಧತಿಯುಂಟು. ಅದು ಮೋಸವಲ್ಲ, ಆದರೆ ಅದನ್ನು ಕೈಬರಹವೆಂದು ಹೇಳಿ ಮಾರುವುದು ಮೋಸ.

ಮುಂದಿನ ಭಾನುವಾರ ಮೊಮ್ಮಗನು ಊರಿಗೆ ಬಂದಾಗ ನಾವು ಅವನೊಬ್ಬನನ್ನೇ ಕರೆಯಿಸಿ ಇದನ್ನೆಲ್ಲ ಹೇಳಿದೆವು. ಹುಡುಗನ ಮುಖ ಬಿಳಿಚಿತು. ನಲವತ್ತೆರಡು ಸಾವಿರ ರೂಪಾಯಿಗಳನ್ನು ಕೊಟ್ಟಿದ್ದನಂತೆ. ಆರು ತಿಂಗಳು ಕೂಡಿಟ್ಟ ಹಣ. ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, ಬಳಿಕ, “ಮೇಷ್ಟ್ರೇ, ತಾತಂಗೆ ಹೇಳ್ಬೇಡಿ. ಇಂಥದನ್ನ ಕೂಡಿಸೋರು ನನಗೆ ಇಬ್ರು ಗೊತ್ತು. ಈ ಕಾಗದದ ಜೊತೇಲೇ ಕೊಟ್ಬಿಡ್ತೀನಿ. ನಾನು ಕೊಟ್ಟಷ್ಟು ಬಂದ್ರೆ ಸಾಕು, ಲಾಭ ಬೇಡ,” ಎಂದನು.

ವಾಚಕರೇ, ಇವನು ಕೆಟ್ಟ ಹುಡುಗನಲ್ಲ. ನಮ್ಮಲ್ಲಿಯೇ ಓದಿದವನು. ಲಾಭ ಬೇಡವೆಂದು ಹೇಳುವಾಗ ತಾನು ನ್ಯಾಯವನ್ನೇ ಹೇಳುತ್ತಿದ್ದೇನೆಂದು ನಿಜವಾಗಿಯೂ ಅವನು ನಂಬಿದ್ದನು. ಸುಳ್ಳು ನಾಣ್ಯವು ಊರೂರು ತಿರುಗುವುದು ಕಳ್ಳರ ಕೈಯಿಂದಲ್ಲ, ಇಂತಹ ಮರ್ಯಾದಸ್ಥರ ಕೈಯಿಂದ. ತಾನು ಕೊಟ್ಟಷ್ಟು ಬಂದರೆ ಸಾಕೆನ್ನುವವರಿಂದ. ನಾವು ಅವನಿಗೆ ಹೇಳಿದೆವು: “ಇಲ್ಲಿವರೆಗೂ ನೀನು ಮೋಸ ಹೋದವನು ಕಣಪ್ಪ. ಗೊತ್ತಿದ್ದೂ ಇನ್ನೊಬ್ಬನಿಗೆ ದಾಟಿಸಿದರೆ ಮೋಸ ಮಾಡಿದವನಾಗ್ತೀಯೆ. ನಡುವೆ ಬೇರೆ ಜಾಗವಿಲ್ಲ.” ಕಾನೂನೂ ಹಾಗೆಯೇ. ಹಿಂದೆ ನಾನೂರ ಇಪ್ಪತ್ತು ಎಂದು ಬಾಯಿಬಾಯಿಗೆ ಬಂದಿದ್ದ ಅಪರಾಧವು ೨೦೨೪ನೆಯ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆಯ ೩೧೮ನೆಯ ಕಲಮಿನಲ್ಲಿ ಸೇರಿದೆ. ಸಂಖ್ಯೆ ಬದಲಾಯಿತಲ್ಲದೆ ವಂಚನೆಯು ವಂಚನೆಯೇ.

ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ತಾತಂಗೆ ಏನು ಹೇಳ್ಲಿ?” ಎಂದನು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ನಾವೇ ಒಮ್ಮೆ ಸುಮ್ಮನಿದ್ದು ಅವರನ್ನು ಕಳುಹಿಸಿದವರಲ್ಲವೇ? ಆದುದರಿಂದ ಇಬ್ಬರೂ ಕೂಡಿಯೇ ಅವರ ಮನೆಗೆ ಹೋದೆವು.

ಯಜಮಾನರು ಅಟ್ಟದಿಂದ ಕೆಳಗಿಳಿಸಿದ ಕಾಯಿಗಳ ಮುಂದೆ ಕುಳಿತಿದ್ದರು. ನಮ್ಮ ಸೀಮೆಯ ಗೃಹಸ್ಥರಿಗೆ ಇದನ್ನು ವಿವರಿಸಬೇಕಾದುದಿಲ್ಲ, ಹೊರಗಿನವರಿಗಾಗಿ ಹೇಳುತ್ತೇವೆ. ಬಲಿತ ಕಾಯನ್ನು ಸಿಪ್ಪೆಯೊಡನೆ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ಎಂಬುದನ್ನು ಒಡೆಯದೆಯೇ ತಿಳಿಯಬೇಕು. ಯಜಮಾನರು ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದನ್ನು ಕೇಳಿ, ಈ ಕಡೆಗೋ ಆ ಕಡೆಗೋ ಹಾಕುತ್ತಿದ್ದರು. ಅವರ ಕಣ್ಣು ಮಂದವಾಗಿದ್ದರೂ ತಿಪಟೂರಿನ ಮಂಡಿಯಲ್ಲಿ ಅವರ ಮಾಲನ್ನು ಯಾರೂ ಕೀಳೆಂದು ಹಿಂದಕ್ಕೆ ಕಳುಹಿಸಿದುದಿಲ್ಲ.

ಹುಡುಗನು ಎದುರಿಗೆ ಕುಳಿತು, ನೆಲವನ್ನು ನೋಡುತ್ತ ಎಲ್ಲವನ್ನೂ ಹೇಳಿದನು. ಯಜಮಾನರು ಕೈಯಲ್ಲಿದ್ದ ಕಾಯನ್ನು ಕೆಳಗಿಡದೆ ಕೇಳಿದರು.

“ಫೈನಲ್ಲು ಜೈಪುರದಲ್ಲಿ ಆಗಿದ್ದು ನನಗೆ ಗೊತ್ತಿಲ್ವೇನಪ್ಪ? ರೇಡಿಯೋದ ವಾರ್ತೇಲಿ ಕೇಳಿದ್ದೆ. ನೀನು ಕಾಗದ ಓದಿ ಹೇಳಿದ ದಿವ್ಸವೇ ಅನ್ನಿಸ್ತು. ಮಗ ಆಸೆಯಿಂದ ತಂದಿದ್ದಾನೆ ಅಂತ ಸುಮ್ಮನಿದ್ದೆ. ಮೇಷ್ಟ್ರು ಏನಂತಾರೋ ನೋಡೋಣ ಅಂತ ತಗೊಂಡು ಹೋದೆ. ಅವರೂ ಅಕ್ಷರ ಚೆನ್ನಾಗಿವೆ ಅಂದ್ರು!”

ಇಷ್ಟು ಹೇಳಿ ನಮ್ಮ ಕಡೆಗೆ ನೋಡಿದರು. ನಾವು ತಲೆ ತಗ್ಗಿಸಿದೆವು. ಮೂರು ಜನ ಬುದ್ಧಿಯುಳ್ಳವರು ಒಬ್ಬರ ಮೇಲೊಬ್ಬರಿಗಿದ್ದ ಪ್ರೀತಿಯಿಂದಲೇ ಒಂದು ಸುಳ್ಳನ್ನು ಹತ್ತು ದಿವಸ ಸಾಕಿದೆವೆಂಬುದು ಆಗ ತಿಳಿಯಿತು.

ಮೋಸ ಹೋದ ಗೃಹಸ್ಥರಿಗೆ ಇರುವ ದಾರಿಯನ್ನೂ ತಿಳಿಸುವುದು ನಮ್ಮ ಕರ್ತವ್ಯ. ೨೦೧೯ರ 
ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಕೊಂಡವನು ತಾನು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಬಹುದು; ಮಾರಿದವನ ಊರಿಗೆ ಅಲೆಯಬೇಕಾದುದಿಲ್ಲ. ಎರಡು ವರ್ಷಗಳೊಳಗಾಗಿ ಕೊಡತಕ್ಕುದು. ರಸೀತಿ, ಹಣ ಸಂದಾಯವಾದುದಕ್ಕೆ ದಾಖಲೆ, ಮಾರುವವನು ಬರೆದ ಪತ್ರಗಳು, ಇವನ್ನು ಜೋಪಾನವಾಗಿಡಬೇಕು. ಸುಳ್ಳು ವಸ್ತುವನ್ನೂ ಸಿಟ್ಟಿನಿಂದ ಒಲೆಗೆ ಹಾಕಕೂಡದು; ಅದೇ ಮುಖ್ಯ ಸಾಕ್ಷಿ. ಸುಳ್ಳು ಪ್ರಮಾಣಪತ್ರವೂ ಈಗ ಹುಡುಗನ ಉಪಯೋಗಕ್ಕೆ ಬಂದಿದೆ. ರುಜುಗಳ ವಿಚಾರದಲ್ಲಿ ಮಾರಿದವನು ಎಷ್ಟು ಬೇಕಾದರೂ ವಾದಿಸಬಹುದು; ಆದರೆ ೧೯೭೪ನೆಯ ಕಾಗದದ ಮೇಲೆ ೨೦೧೪ನೆಯ ಕಾಗುಣಿತಕ್ಕೆ ಅವನು ಏನು ಹೇಳುವನೋ ಕೇಳಲು ನಮಗೂ ಕುತೂಹಲವಿದೆ.

ಮೊದಲು ವಕೀಲರ ಮೂಲಕ ನೋಟೀಸು ಹೋಯಿತು. ಅಂಗಡಿಯವನು ಟೆಲಿಫೋನಿನಲ್ಲಿ ಅರ್ಧ ಹಣ ಹಿಂದಿರುಗಿಸುವೆನೆಂದೂ, ಬ್ಯಾಟನ್ನೂ ಪತ್ರವನ್ನೂ ತನಗೆ ಕಳುಹಿಸಬೇಕೆಂದೂ ಹೇಳಿದನಂತೆ. ಕಳುಹಿಸಿದರೆ ಅದು ಮತ್ತೊಬ್ಬ ತಾತನ ಹುಟ್ಟುಹಬ್ಬಕ್ಕೆ ಹೋಗುವುದೆಂದು ಹುಡುಗನು ಒಪ್ಪಲಿಲ್ಲ. ಈ ತಿಂಗಳ ಮೊದಲ ವಾರದಲ್ಲಿ ತುಮಕೂರಿನಲ್ಲಿ ದೂರು ದಾಖಲಾಗಿದೆ. ಬ್ಯಾಟು ಯಜಮಾನರ ಮನೆಯಲ್ಲಿಯೇ ಇದೆ. ಪಂಚೆಯಿಲ್ಲದೆ, ಕಾಯಿಗಳ ಪಕ್ಕದಲ್ಲಿ ಗೋಡೆಗೆ ಒರಗಿಸಿದೆ. ಬೀದಿಯ ಮಕ್ಕಳು ಆಡಲು ಕೊಡಿರೆಂದು ಎರಡು ಸಲ ಕೇಳಿದರಂತೆ. ವ್ಯಾಜ್ಯ ಮುಗಿಯಲಿ, ಬಳಿಕ ಕೊಡುತ್ತೇನೆಂದು ಯಜಮಾನರು ಹೇಳಿ ಕಳುಹಿಸಿದ್ದಾರೆ.